ಲಾರಿಯವರು ‘ಎತ್ತೋಕಾಗಲ್ಲ’ ಅಂದರು, ಅದಕ್ಕೇ ನಾಲ್ಕು ಸ್ಟಾರ್

ಹಳೆ ಮನೆಗಳನ್ನು ಒಡೆದು ಹೊಸದಾಗಿ ಕಟ್ಟಿಸುವ ಕೆಲಸದ ಉಸ್ತುವಾರಿ ನನ್ನದು. ಒಡೆದ ಇಟ್ಟಿಗೆ, ಗಾರೆ, ಕಾಂಕ್ರೀಟ್ ಚೂರು ತುಂಬಲು ದೊಡ್ಡ ಕಬ್ಬಿಣದ ತೊಟ್ಟಿಯನ್ನು ಬಾಡಿಗೆಗೆ ತರಿಸುತ್ತೇವೆ. ಸ್ಕಿಪ್ ಅಂತಾರೆ. ಲಾರಿ ಬಂದು ಖಾಲಿ ತೊಟ್ಟಿ ಇಳಿಸಿ ಹೋಗುತ್ತದೆ, ತುಂಬಿದ ಮೇಲೆ ಬಂದು ಎತ್ತಿಕೊಂಡು ಹೋಗುತ್ತದೆ. ಈ ಸೇವೆಯ ಬಗ್ಗೆ ಜನ ಬರೆಯುವುದೆಲ್ಲ ಎರಡೇ ಮಾತು: ಬೇಗ ಬಂದರು, ಇಲ್ಲವೇ ತಡ ಮಾಡಿದರು. ತೊಟ್ಟಿ ಎತ್ತುವವರು ಕೈಕಾಲು ಉಳಿಸಿಕೊಂಡು ಮನೆಗೆ ಹೋಗುವ ಹಾಗೆ ಕೆಲಸ ನಡೆಯಿತಾ ಅಂತ ಯಾರೂ ಬರೆಯುವುದಿಲ್ಲ. ನಾನು ಅದನ್ನೇ ಬರೆಯುತ್ತೇನೆ.

ಮೊದಲು ಆ ದಿನದ ವಿಷಯ. ಸಂಜೆ ಕೆಲಸ ಮುಗಿಸುವಾಗ ನಮ್ಮ ತೊಟ್ಟಿ ಅಂಚಿಗಿಂತ ಒಂದು ಗೇಣು ಕೆಳಗಿತ್ತು. ಬೆಳಿಗ್ಗೆ ಬಂದು ನೋಡಿದರೆ ಮೇಲೆ ಗುಡ್ಡ. ರಾತ್ರಿ ಯಾರೋ ಹಳೆ ಹಾಸಿಗೆ, ಬಾಗಿಲ ಚೌಕಟ್ಟು, ಒಡೆದ ಟಿ.ವಿ. ಎಲ್ಲ ತಂದು ಸುರಿದಿದ್ದರು. ತೊಟ್ಟಿ ಬೀದಿಯಲ್ಲಿ ನಿಂತರೆ ಸುತ್ತಮುತ್ತಲ ಮನೆಗಳ ಅಟ್ಟವೆಲ್ಲ ಖಾಲಿಯಾಗುತ್ತದೆ, ಇದು ಎಲ್ಲ ಕಡೆಯ ಕತೆ. ಅಷ್ಟರಲ್ಲಿ ಲಾರಿ ಬಂತು. ಡ್ರೈವರ್ ಇಳಿದು ತೊಟ್ಟಿಯ ಸುತ್ತ ಒಂದು ಸುತ್ತು ಹಾಕಿದರು. ಕಬ್ಬಿಣದ ಸರಳಿನಿಂದ ಪಕ್ಕಕ್ಕೆ ಬಡಿದು ‘ಒಳಗೆ ಯಾರಾದ್ರೂ ಇದ್ದೀರಾ’ ಅಂತ ಕೂಗಿದರು. ಇದು ಸುಮ್ನೆ ಮಾಡುವ ಶಾಸ್ತ್ರವಲ್ಲ. ಮಲಗಲು ಜಾಗವಿಲ್ಲದವರು ಕಸದ ಡಬ್ಬಿಯೊಳಗೆ ಮಲಗಿದ್ದು, ನೋಡದೆ ಲಾರಿಗೆ ಸುರಿದಾಗ ಸತ್ತದ್ದು ಬೇರೆ ಬೇರೆ ದೇಶಗಳಲ್ಲಿ ಆಗಿದೆ.

ಆಮೇಲೆ ನನ್ನ ಹತ್ತಿರ ಬಂದು, “ಮೇಡಂ, ಇದನ್ನ ಎತ್ತೋಕಾಗಲ್ಲ. ಅಂಚಿಗೆ ಸಮ ಮಾಡಿಸಿ, ನಾನು ಕಾಯ್ತೀನಿ” ಅಂದರು.

ನಮ್ಮ ಮೇಸ್ತ್ರಿಗೆ ಸಿಟ್ಟು ಬಂತು. ಟಾರ್ಪಾಲು ಬಿಗಿದು ಕಟ್ಟಿದರೆ ಆಯ್ತಲ್ಲ, ಎಲ್ಲರೂ ಹಾಗೇ ಒಯ್ಯುತ್ತಾರೆ ಅಂತ ವಾದ ಮಾಡಿದ. ಹಾಗೇ ಒಯ್ಯುವವರನ್ನು ನಾನೂ ನೋಡಿದ್ದೇನೆ. ಹಿಂದೆ ತರಿಸುತ್ತಿದ್ದ ಇನ್ನೊಂದು ಸಂಸ್ಥೆಯ ಹುಡುಗ ರಾಶಿಯ ತುದಿಗೆ ಹತ್ತಿ, ಕಾಲಲ್ಲಿ ತುಳಿದು ತಗ್ಗಿಸಿ, ಅಲ್ಲಿಂದಲೇ ಟಾರ್ಪಾಲು ಎಳೆಯುತ್ತಿದ್ದ. ಕಾಲ ಕೆಳಗೆ ಮೊಳೆ ಎದ್ದ ಹಲಗೆ, ತಲೆ ಮೇಲೆ ವಿದ್ಯುತ್ ತಂತಿ, ಹಿಡಿದುಕೊಳ್ಳಲು ಏನೂ ಇಲ್ಲ. ಮೈ ಜುಮ್ಮೆನ್ನುತ್ತದೆ. ಇವರ ಲಾರಿಯಲ್ಲಿ ಹೊದಿಕೆ ಎಳೆಯಲು ಯಂತ್ರದ ತೋಳಿದೆ. ಯಾರೂ ಮೇಲೆ ಹತ್ತಬೇಕಿಲ್ಲ. ಆದರೆ ರಾಶಿ ಅಂಚು ದಾಟಿದ್ದರೆ ಆ ತೋಳು ಕೆಲಸ ಮಾಡುವುದಿಲ್ಲ. ರಸ್ತೆಯಲ್ಲಿ ಒಂದು ಇಟ್ಟಿಗೆ ಜಾರಿ ಹಿಂದೆ ಬರುವ ಬೈಕಿನವನ ಮೇಲೆ ಬಿದ್ದರೆ ಏನು ಗತಿ ಅಲ್ವಾ?

ನಾನು ಆಫೀಸಿಗೆ ಫೋನ್ ಮಾಡಿದೆ. ಡ್ರೈವರನ್ನು ಬೈದು, ಎತ್ತು ಅಂತ ಹೇಳುತ್ತಾರಾ ನೋಡೋಣ ಅಂತಲೇ ಮಾಡಿದ್ದು. ಆ ಕಡೆಯಿಂದ ಬಂದ ಉತ್ತರ: “ಅವರು ಆಗಲ್ಲ ಅಂದ್ರೆ ಆಗಲ್ಲ ಮೇಡಂ. ಅಲ್ಲಿ ನಿಂತು ನೋಡ್ತಿರೋದು ಅವರು, ನಾನಲ್ಲ.”

ಮುಂದೆಯೂ ಇವರಿಗೇ ಕೆಲಸ ಕೊಡಬೇಕು ಅಂತ ನಾನು ನಿರ್ಧರಿಸಿದ್ದು ಆ ಒಂದು ಮಾತಿನಿಂದ. ಹೆಲ್ಮೆಟ್, ಹೊಳೆಯುವ ಜಾಕೆಟ್, ಸ್ಟೀಲ್ ಮೂತಿಯ ಬೂಟು ಎಲ್ಲ ಬೇಕು, ಇವರಲ್ಲಿ ಎಲ್ಲವೂ ಇವೆ. ಆದರೆ ಜಾಗದಲ್ಲಿ ನಿಂತವನಿಗೆ ‘ಬೇಡ’ ಅನ್ನುವ ಹಕ್ಕಿಲ್ಲದಿದ್ದರೆ ಅವೆಲ್ಲ ಹಾಕಿಕೊಂಡೇ ಅವನು ಅಪಾಯದೊಳಗೆ ಹೋಗುತ್ತಾನೆ. ಡ್ರೈವರನ್ನು ಕೇಳಿದೆ, ಹೀಗೆ ಕಾದರೆ ನಿಮ್ಮ ಸಂಬಳಕ್ಕೆ ಪೆಟ್ಟು ಬೀಳಲ್ವಾ ಅಂತ. ದಿನಕ್ಕೆ ಲೆಕ್ಕ, ಟ್ರಿಪ್ಪಿಗಲ್ಲ ಅಂದರು. ಟ್ರಿಪ್ ಲೆಕ್ಕದಲ್ಲಿ ದುಡ್ಡು ಕೊಡುವ ಕಡೆ ಯಾವ ಡ್ರೈವರೂ ನಿಂತು ಸರಪಳಿ ನೋಡುವುದಿಲ್ಲ, ನೋಡಿದರೆ ಅವನ ಹೊಟ್ಟೆಗೇ ಕಲ್ಲು. ಆತುರ ಹುಟ್ಟುವುದು ಅಲ್ಲಿಂದಲೇ.

ಮೇಲಿನ ರಾಶಿ ಇಳಿಸುವಾಗ ಸಿಕ್ಕಿದ್ದನ್ನು ಹೇಳಲೇಬೇಕು. ಹಾಸಿಗೆಯ ಕೆಳಗೆ ಸ್ಕೂಟರಿನ ಲಿಥಿಯಂ ಬ್ಯಾಟರಿ. ಇನ್ನೊಂದು ಪ್ಲಾಸ್ಟಿಕ್ ಕವರಿನಲ್ಲಿ ಸಿರಿಂಜುಗಳು. ಲಿಥಿಯಂ ಬ್ಯಾಟರಿ ಜಜ್ಜಿದರೆ ಒಳಗೊಳಗೇ ಬಿಸಿ ಏರಿ ಹೊತ್ತಿಕೊಳ್ಳುತ್ತದೆ, ಆರಿಸಿದ ಮೇಲೂ ಮತ್ತೆ ಹತ್ತಿಕೊಳ್ಳಬಹುದು. ಕಸ ಒತ್ತುವ ಲಾರಿಗಳಲ್ಲಿ, ಕಸ ಬೇರ್ಪಡಿಸುವ ಶೆಡ್ಡುಗಳಲ್ಲಿ ಬೆಂಕಿ ಬೀಳಲು ಇದೂ ಒಂದು ದೊಡ್ಡ ಕಾರಣ. ಡ್ರೈವರ್ ಬ್ಯಾಟರಿಯನ್ನು ಬೇರೆ ಇಡಿಸಿದರು, ಸಿರಿಂಜಿನ ಕವರನ್ನು ಕೈಯಲ್ಲಿ ಮುಟ್ಟದೆ ಇಕ್ಕುಳದಿಂದ ಎತ್ತಿ ಗಟ್ಟಿ ಡಬ್ಬಿಗೆ ಹಾಕಿದರು. ಆ ಡಬ್ಬಿ ಲಾರಿಯಲ್ಲೇ ಇತ್ತು, ಅದೂ ನನಗೆ ಮೆಚ್ಚಿಗೆಯಾಯಿತು.

ತೂಕದ ವಿಷಯದಲ್ಲೂ ಇವರು ಖಡಕ್. ಗಟ್ಟಿ ಕಾಂಕ್ರೀಟ್ ಒಂದು ಘನ ಮೀಟರಿಗೆ ಸುಮಾರು 2,400 ಕಿಲೋ ತೂಗುತ್ತದೆ. ಒಡೆದು ಹಾಕಿದರೆ ನಡುವೆ ಸಂದು ಇರುವುದರಿಂದ ಕಡಿಮೆಯಾಗುತ್ತದೆ. ಆದರೂ 6 ಘನ ಮೀಟರಿನ ತೊಟ್ಟಿ ತುಂಬ ಕಲ್ಲುಮಣ್ಣು ಹಾಕಿದರೆ 8 ಟನ್ ಹತ್ತಿರ ಹೋಗುತ್ತದೆ. ಮಳೆ ಬಂದು ನೀರು ಕುಡಿದರೆ ಇನ್ನೂ ಜಾಸ್ತಿ. ಅದಕ್ಕೇ ತೀರಾ ದೊಡ್ಡ ತೊಟ್ಟಿಯನ್ನು ಮರ, ಪ್ಲಾಸ್ಟಿಕ್ಕಿನಂಥ ಹಗುರ ಸಾಮಾನಿಗೆ ಮಾತ್ರ ಕೊಡುತ್ತಾರೆ. ದೊಡ್ಡದೇ ಕೊಡಿ ಅಂತ ಹಠ ಮಾಡಬೇಡಿ. ಎತ್ತುವ ಮುಂಚೆ ಲಾರಿಯ ಹೈಡ್ರಾಲಿಕ್ ಕಾಲುಗಳನ್ನು ನೆಲಕ್ಕೆ ಊರುತ್ತಾರೆ, ನಾಲ್ಕೂ ಸರಪಳಿ, ಕೊಂಡಿ ನೋಡುತ್ತಾರೆ. ತೊಟ್ಟಿ ಗಾಳಿಯಲ್ಲಿರುವಾಗ ಹತ್ತಿರ ಯಾರನ್ನೂ ಬಿಡುವುದಿಲ್ಲ. ರಿವರ್ಸ್ ತೆಗೆಯುವಾಗ ಕ್ಲೀನರ್ ಪಕ್ಕಕ್ಕೆ, ಕನ್ನಡಿಯಲ್ಲಿ ಕಾಣುವ ಜಾಗದಲ್ಲಿ ನಿಲ್ಲುತ್ತಾನೆ. ಅವನು ಕಾಣದಿದ್ದರೆ ಲಾರಿ ನಿಲ್ಲುತ್ತದೆ.

ಬುಕ್ ಮಾಡುವಾಗಲೇ ಇವರು ಕೇಳಿದ ಪ್ರಶ್ನೆ, ಛಾವಣಿಗೆ ಕಲ್ನಾರು (ಆಸ್ಬೆಸ್ಟಾಸ್) ಶೀಟು ಇದೆಯಾ ಅಂತ. ಹಿತ್ತಲಿನ ಶೆಡ್ಡಿಗೆ ಇತ್ತು. ಅದನ್ನು ಉಳಿದ ಕಸದ ಜೊತೆ ಒಯ್ಯುವುದಿಲ್ಲ ಅಂದರು. ಒಡೆಯಬೇಡಿ, ನೀರು ಚಿಮುಕಿಸಿ ಇಡೀ ಶೀಟನ್ನೇ ಬಿಚ್ಚಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಪದರ ಸುತ್ತಿ, ಅದಕ್ಕೆ ಬೇರೆ ಗಾಡಿ, ಬೇರೆ ಜನ ಬರುತ್ತಾರೆ ಅಂದರು. ಸರಿಯಾದ ಮಾತು. ಕಲ್ನಾರಿನ ಎಲ್ಲ ಬಗೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಇಂದು ಉಸಿರಾಡಿದ ಕಲ್ನಾರಿನ ಸಣ್ಣ ಎಳೆ ರೋಗವಾಗಿ ಕಾಣುವುದು 20, 30, 40 ವರ್ಷ ಬಿಟ್ಟು. ಅಷ್ಟು ಹೊತ್ತಿಗೆ ಯಾವ ಮನೆಯ ಯಾವ ಶೀಟು ಅಂತ ಯಾರು ನೆನಪಿಟ್ಟಿರುತ್ತಾರೆ? ಕಾಂಕ್ರೀಟ್, ಇಟ್ಟಿಗೆ ಧೂಳಿನಲ್ಲಿರುವ ಸಿಲಿಕಾ ಕೂಡ ಹಾಗೇ, ಶ್ವಾಸಕೋಶವನ್ನು ನಿಧಾನವಾಗಿ ಗಟ್ಟಿ ಮಾಡುತ್ತದೆ. ಒಣ ಪೊರಕೆ ಹಾಕಬೇಡಿ, ನೀರು ಹಾಕಿ. ಬಾಯಿಗೆ ಕಟ್ಟಿದ ಬಟ್ಟೆ ಈ ಧೂಳನ್ನು ತಡೆಯುವುದಿಲ್ಲ, ಕಡಿಮೆಯೆಂದರೂ ಎನ್95 ಮಾಸ್ಕ್ ಬೇಕು.

ಈಗ ಕೊರತೆ. ಫೋನ್ ಎತ್ತುವುದು ತಡ, ಅದು ದೊಡ್ಡ ದೂರಲ್ಲ. ತೊಟ್ಟಿಯ ಒಂದು ಪಕ್ಕದ ಪ್ರತಿಫಲಿಸುವ ಪಟ್ಟಿ ಕಿತ್ತುಹೋಗಿತ್ತು. ಕತ್ತಲಲ್ಲಿ ಯಾರಾದರೂ ಬಂದು ಗುದ್ದಿದರೆ ಪ್ರಾಣಕ್ಕೇ ಕುತ್ತು. ಹೇಳಿದ ಮೇಲೆ ಅಂಟಿಸಿ ಹೋದರು, ಆದರೆ ಹೇಳುವ ಮುಂಚೆಯೇ ಇರಬೇಕಿತ್ತು.

ನಾನು ಒಂದು ಸ್ಟಾರ್ ಕಳೆದದ್ದು ಕ್ಲೀನರ್ ಹುಡುಗನ ಕೈಗಾಗಿ. ಅವನಿಗೆ ಕೊಟ್ಟಿರುವುದು ತೆಳ್ಳಗಿನ ಹತ್ತಿ ಗ್ಲೌಸು. ಗಾಜು, ಸೂಜಿ ಅದರೊಳಗೆ ಸಲೀಸಾಗಿ ಇಳಿಯುತ್ತವೆ. ಧನುರ್ವಾಯು ಇಂಜೆಕ್ಷನ್ ಆಗಿದೆಯಂತೆ, ಯಕೃತ್ತಿಗೆ ತಗಲುವ ಸೋಂಕಾದ ಹೆಪಟೈಟಿಸ್ ಬಿಯ ಲಸಿಕೆಯ ಹೆಸರನ್ನೇ ಅವನು ಕೇಳಿಲ್ಲ. ಸೋಂಕಿರುವವರಿಗೆ ಬಳಸಿದ ಸೂಜಿ ಚುಚ್ಚಿದರೆ, ಲಸಿಕೆ ಇಲ್ಲದವರಿಗೆ ಆ ರೋಗ ಅಂಟುವ ಸಾಧ್ಯತೆ 100ಕ್ಕೆ 6ರಿಂದ 30. ಲಸಿಕೆ ಹಾಕಿಸಿದರೆ ಬಹುಮಟ್ಟಿಗೆ ತಪ್ಪಿಸಬಹುದಾದ ರೋಗ ಅದು. ಕಸ ಎತ್ತುವ ಹುಡುಗನಿಗೆ ಇದನ್ನು ಕೆಲಸಕ್ಕೆ ಸೇರಿದ ವಾರವೇ ಶುರು ಮಾಡಿಸಬೇಕು. ಆಫೀಸಿಗೆ ಪತ್ರ ಬರೆದೆ. ಗ್ಲೌಸು ಬದಲಾಯಿಸುತ್ತೇವೆ, ಲಸಿಕೆ ವ್ಯವಸ್ಥೆ ಮಾಡುತ್ತೇವೆ ಅಂತ ಉತ್ತರ ಬಂದಿದೆ.

ಮುಂದಿನ ಕೆಲಸಕ್ಕೂ ಇವರನ್ನೇ ಕರೆಯುತ್ತಿದ್ದೇನೆ. ಲಸಿಕೆ ಆಯ್ತು ಅಂತ ಆ ಹುಡುಗನ ಬಾಯಿಂದಲೇ ಕೇಳಿದರೆ ಐದನೇ ಸ್ಟಾರ್ ಸೇರಿಸುತ್ತೇನೆ.