ಪಿಕಪ್ ಗಾಡಿ ಎಂಟು ವರ್ಷ ಇಟ್ಟುಕೊಂಡರೆ ಕಿಲೋಮೀಟರಿಗೆ ಎಷ್ಟು ಬೀಳುತ್ತೆ?

ಶೋರೂಮಿಗೆ ಹೋದವರು ಕೇಳುವುದು ಎರಡೇ ಪ್ರಶ್ನೆ: ಆನ್‌ರೋಡ್ ಎಷ್ಟು, ಕಂತು ಎಷ್ಟು. ಬೊಲೆರೊ ಪಿಕಪ್, ಟಾಟಾ ಯೋಧ, ಅಶೋಕ್ ಲೇಲ್ಯಾಂಡ್ ದೋಸ್ತ್, ಗಾಡಿ ಯಾವುದೇ ಇರಲಿ, ಬೆಂಗಳೂರಿನಲ್ಲಿ ಅದನ್ನು ಎಂಟು ವರ್ಷ ದುಡಿಸಬೇಕು ಅಂದರೆ ಮೊದಲು ಕೇಳಬೇಕಾದ್ದು ಬೇರೆ: ದಿನಕ್ಕೆ ಎಷ್ಟು ಕಿಲೋಮೀಟರ್ ಓಡುತ್ತೆ?

ಆನ್‌ರೋಡ್ 10 ಲಕ್ಷ, ಕೈಯಿಂದ 2 ಲಕ್ಷ, ಉಳಿದ 8 ಲಕ್ಷಕ್ಕೆ ಶೇ 11ರ ಬಡ್ಡಿ, 60 ಕಂತು ಎಂದಿಟ್ಟುಕೊಳ್ಳಿ. ಕಂತು ತಿಂಗಳಿಗೆ ಸುಮಾರು 17,400 ರೂ., ಬಡ್ಡಿಯೇ 2.44 ಲಕ್ಷ. ಎಂಟು ವರ್ಷದ ಮೇಲೆ ಮೂರೂವರೆ ಲಕ್ಷಕ್ಕೆ ಮಾರಿದರೂ ಗಾಡಿ ನುಂಗಿದ್ದು 8.94 ಲಕ್ಷ. ದಿನಕ್ಕೆ 60 ಕಿ.ಮೀ., ತಿಂಗಳಿಗೆ 26 ದಿನ ಓಡಿಸಿದರೆ ಎಂಟು ವರ್ಷಕ್ಕೆ ಒಂದೂವರೆ ಲಕ್ಷ ಕಿ.ಮೀ. ಆಗುತ್ತೆ. ಅಂದರೆ ಬಂಡವಾಳದ ಖರ್ಚು ಕಿಲೋಮೀಟರಿಗೆ 6 ರೂ. ಅದೇ ಗಾಡಿ ದಿನಕ್ಕೆ 30 ಓಡಿದರೆ 12 ರೂ. ಡೀಸೆಲ್ 91 ರೂ. ಲೆಕ್ಕದಲ್ಲಿ, ಲೀಟರಿಗೆ 12 ಕಿ.ಮೀ. ಕೊಟ್ಟರೆ 7 ರೂ. 60 ಪೈಸೆ. ಡ್ರೈವರ್‌ಗೆ ತಿಂಗಳಿಗೆ 20,000 ಕೊಟ್ಟರೆ ದಿನಕ್ಕೆ 60 ಓಡುವ ಗಾಡಿಗೆ ಕಿಲೋಮೀಟರಿಗೆ 12 ರೂ. 80 ಪೈಸೆ ಬೀಳುತ್ತೆ. ಡೀಸೆಲ್‌ಗಿಂತ ಅದೇ ಜಾಸ್ತಿ! ಮೈಲೇಜ್‌ನಲ್ಲಿ ಅರ್ಧ ಕಿಲೋಮೀಟರ್ ಹೆಚ್ಚು ಕಡಿಮೆ ಅಂತ ತಲೆಕೆಡಿಸಿಕೊಳ್ಳುವವರು ಗಾಡಿ ಖಾಲಿ ನಿಲ್ಲುವ ದಿನಗಳನ್ನು ಲೆಕ್ಕ ಹಾಕಲಿ. ದಿನಕ್ಕೆ 30 ಕಿ.ಮೀ. ಒಳಗೇ ಓಡುವ ಅಂಗಡಿಯವರಿಗೆ ಹೊಸ ಗಾಡಿ ಬೇಡ. ನಾಲ್ಕೈದು ವರ್ಷದ ಸೆಕೆಂಡ್ ಹ್ಯಾಂಡ್ ಗಾಡಿ ಸಾಕು, ಇಲ್ಲವೇ ಬೇಕಾದಾಗ ಬಾಡಿಗೆಗೆ ಕರೆಯಿರಿ.

ಬೆಲೆಯ ವಿಷಯದಲ್ಲಿ ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನದ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೆಯ ಬೆಲೆಪಟ್ಟಿ ಹಿಡಿದು ಚೌಕಾಸಿಗೆ ಕೂರಬೇಡಿ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ ತನ್ನ ಸರಕು ಸಾಗಿಸಲು ಪಿಕಪ್ ಕೊಂಡರೆ ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡು, ಪಡೆಯಬಹುದು. ಕಾರಿಗೆ ಸಾಮಾನ್ಯವಾಗಿ ಈ ಅನುಕೂಲ ಇಲ್ಲ. ಬಿಲ್ ಮಾಡಿಸುವಾಗಲೇ ಅಂಗಡಿಯ ಜಿಎಸ್‌ಟಿ ಸಂಖ್ಯೆ ಹಾಕಿಸಿ. ಒಟ್ಟು ತೂಕ 3,000 ಕೆ.ಜಿ. ಮೀರದ ಗಾಡಿಗೆ ಪರ್ಮಿಟ್ ಬೇಡ, ಹಾಗಾಗಿ 2,990 ಕೆ.ಜಿ. ಎಂದು ಆರ್‌ಸಿಯಲ್ಲಿ ಬರೆದಿರುವ ಮಾಡೆಲ್‌ಗೆ ಒಂದು ಓಡಾಟ ಕಡಿಮೆ.

ಬಾಡಿಗೆಗೆ ಓಡುವ ಈ ವರ್ಗದ ಗಾಡಿಗೆ 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ಪ್ರೀಮಿಯಂ 16,049 ರೂ., ತೆರಿಗೆ ಬೇರೆ. ಓನ್ ಡ್ಯಾಮೇಜ್ (ನಮ್ಮ ಗಾಡಿಯ ಹಾನಿಗೇ ಸಿಗುವ ವಿಮೆ) ಸೇರಿಸಿದ ಮೇಲೆ ಒಂದು ಸಾಲು ತಪ್ಪದೆ ನೋಡಿ: ಐಎಂಟಿ 23. ಹಳದಿ ಬೋರ್ಡ್ ಪಾಲಿಸಿಯಲ್ಲಿ ಹೆಡ್‌ಲೈಟ್, ಬಂಪರ್, ಮಡ್‌ಗಾರ್ಡ್, ಬಾನೆಟ್‌ನ ಪಕ್ಕದ ಭಾಗ, ಪೇಂಟ್ ಇವುಗಳ ಹಾನಿ ಈ ಸೇರ್ಪಡೆ ಇಲ್ಲದಿದ್ದರೆ ಕ್ಲೇಮಿಗೆ ಬರೋದಿಲ್ಲ. ಕಲಾಸಿಪಾಳ್ಯ, ಕೆ.ಆರ್. ಮಾರ್ಕೆಟ್ ಕಡೆ ಓಡುವ ಗಾಡಿಗೆ ಪೆಟ್ಟು ಬೀಳುವುದೇ ಈ ಜಾಗಗಳಿಗೆ.

ಇನ್ನು ರಿಪೇರಿ. ಪಿಕಪ್ ಹಾಳಾಗುವುದು ಹಿಂದಿನ ಕಮಾನು ಪ್ಲೇಟಿನಿಂದ (ಲೀಫ್ ಸ್ಪ್ರಿಂಗ್) ಶುರುವಾಗುತ್ತೆ. ಓವರ್‌ಲೋಡ್ ಹಾಕಿದ ತಕ್ಷಣ ಪ್ಲೇಟ್ ಮುರಿಯೋದಿಲ್ಲ, ಮೊದಲು ಸಡಿಲವಾಗುವುದು ಕಮಾನನ್ನು ಆಕ್ಸಲ್‌ಗೆ ಬಿಗಿದಿರುವ ಯು-ಬೋಲ್ಟ್. ಅದು ಸಡಿಲವಾದರೆ ಪ್ಲೇಟ್‌ಗಳನ್ನು ಹಿಡಿದಿರುವ ಸೆಂಟರ್ ಬೋಲ್ಟ್ ಮೇಲೆ ಎಳೆತ ಬಿದ್ದು ಅದು ಕತ್ತರಿಸುತ್ತೆ. ಸೆಂಟರ್ ಬೋಲ್ಟ್ ಹೋದರೆ ಆಕ್ಸಲ್ ಒಂದು ಬದಿ ಹಿಂದೆ ಸರಿದು ಗಾಡಿ ಸೊಟ್ಟಗೆ ಓಡುತ್ತೆ, ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತೆ. ತಿಂಗಳಿಗೊಮ್ಮೆ ಗಾಡಿಯ ಕೆಳಗೆ ಬಗ್ಗಿ ನೋಡಿ. ಪ್ಲೇಟ್‌ಗಳ ನಡುವೆ ಕೆಂಪು ತುಕ್ಕಿನ ಪುಡಿ ಉದುರಿದ್ದರೆ, ಯು-ಬೋಲ್ಟ್ ಪಕ್ಕದಲ್ಲಿ ಉಜ್ಜಿ ಬೆಳ್ಳಗೆ ಹೊಳೆಯುವ ಗೆರೆ ಇದ್ದರೆ ಪ್ಲೇಟ್ ಜರುಗುತ್ತಿದೆ ಎಂದೇ ಅರ್ಥ. ಕಮಾನು ಬಿಚ್ಚಿ ಕಟ್ಟಿಸಿದ ಮೇಲೆ ಲೋಡಿನೊಂದಿಗೆ ಕೆಲವು ನೂರು ಕಿ.ಮೀ. ಓಡಿಸಿ, ಯು-ಬೋಲ್ಟ್ ನಟ್ಟನ್ನು ಟಾರ್ಕ್ ರೆಂಚಿನಲ್ಲಿ ಮತ್ತೆ ಬಿಗಿ ಮಾಡಿಸಲೇಬೇಕು. ಇದನ್ನು ಬಿಟ್ಟವರೇ ಹೆಚ್ಚು. ಕಮಾನಿನ ತುದಿಯ ಶ್ಯಾಕಲ್ ಬುಷ್‌ಗಳನ್ನೂ ಕಮಾನು ಬಿಚ್ಚಿದಾಗಲೇ ಬದಲಾಯಿಸಿ.

ಎಕ್ಸ್‌ಟ್ರಾ ಪ್ಲೇಟ್ ಹಾಕಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಪ್ಲೇಟ್ ಹೆಚ್ಚಾದರೆ ಕಮಾನು ಗಟ್ಟಿಯಾಗುತ್ತೆ ನಿಜ, ಆದರೆ ಚಾಸಿ, ಆಕ್ಸಲ್, ಬ್ರೇಕ್ ಹಳೆಯವೇ. ಮೊದಲು ಕಮಾನು ತಿನ್ನುತ್ತಿದ್ದ ಪೆಟ್ಟನ್ನು ಈಗ ಚಾಸಿ ತಿನ್ನುತ್ತೆ. ಕಮಾನನ್ನು ಚಾಸಿಗೆ ಹಿಡಿದಿರುವ ಹ್ಯಾಂಗರ್ ಬ್ರಾಕೆಟ್ ಸುತ್ತ ಬಿರುಕು ಬಿಡುವುದು ಇದೇ ಕಾರಣಕ್ಕೆ. ಜಿಗಣಿಯಿಂದ ಗ್ರಾನೈಟ್ ತುಂಬಿಸುವವರಿಗೆ ಇದನ್ನು ಒತ್ತಿ ಹೇಳಬೇಕು. ಓವರ್‌ಲೋಡ್‌ಗೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ದಂಡ 20,000 ರೂ., ಹೆಚ್ಚುವರಿ ಪ್ರತಿ ಟನ್ನಿಗೆ 2,000 ಬೇರೆ. ಒಂದು ಸಲ ಸಿಕ್ಕಿಬಿದ್ದರೆ ಒಂದು ತಿಂಗಳ ಕಂತಿಗಿಂತ ಹೆಚ್ಚು ಕೈಬಿಟ್ಟು ಹೋಗುತ್ತೆ.

ಬೆಂಗಳೂರಿಗೇ ಸೇರಿದ ಖರ್ಚು ಕ್ಲಚ್. ಹೆಬ್ಬಾಳ, ಸಿಲ್ಕ್ ಬೋರ್ಡ್, ಗೊರಗುಂಟೆಪಾಳ್ಯದಲ್ಲಿ ಲೋಡ್ ಹೊತ್ತು ಹಾಫ್ ಕ್ಲಚ್ಚಿನಲ್ಲಿ ತೆವಳುವ ಗಾಡಿಯ ಕ್ಲಚ್ ಪ್ಲೇಟ್ ಹೆದ್ದಾರಿ ಗಾಡಿಯಷ್ಟು ಬಾಳೋದಿಲ್ಲ. ಫ್ಲೈಓವರ್ ಏರುವಾಗ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಗೇರ್‌ಬಾಕ್ಸ್ ಇಳಿಸುವ ಕೂಲಿ ಹೇಗೂ ಒಂದೇ, ಆದ್ದರಿಂದ ಡಿಸ್ಕ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೇ ಹಾಕಿಸಿ. ಫ್ಲೈವೀಲ್ ಮೇಲೆ ನೀಲಿ ಸುಟ್ಟ ಕಲೆ ಇದೆಯಾ ಅಂತ ಎದುರಲ್ಲೇ ನಿಂತು ನೋಡಿ. ಬಿಡಿಭಾಗಕ್ಕೆ ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯ ಪ್ಲೇಟನ್ನು ಕೈಯಲ್ಲೇ ಒಯ್ಯಿರಿ. ಒಂದೇ ಹೆಸರಿನ ಗಾಡಿಯಲ್ಲೂ ಅಳತೆ ಬದಲಾಗಿರುತ್ತೆ.

ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಗಾಡಿಗಳಲ್ಲಿ ಹೊಸ ತಲೆನೋವು ಆ ಫಿಲ್ಟರೇ. ಎಂಜಿನ್ ಬಿಸಿಯಾಗಿ ಒಂದೇ ವೇಗದಲ್ಲಿ ಓಡಿದಾಗ ಮಾತ್ರ ಅದು ಒಳಗಿನ ಮಸಿ ಸುಟ್ಟುಕೊಳ್ಳುತ್ತೆ. ಯಶವಂತಪುರ ಎಪಿಎಂಸಿಯಿಂದ ಮಲ್ಲೇಶ್ವರಕ್ಕೆ ದಿನಾ ನಾಲ್ಕು ಕಿ.ಮೀ. ಓಡಿ ನಿಲ್ಲುವ ಗಾಡಿಗೆ ಆ ಅವಕಾಶವೇ ಸಿಗೋದಿಲ್ಲ. ಸುಡುವುದು ಅರ್ಧಕ್ಕೇ ನಿಂತು ನಿಂತು, ಅದಕ್ಕೆಂದು ಚಿಮ್ಮಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಡಿಮೆಯಾಗುವ ಬದಲು ಏರಿದ್ದರೆ, ಮೂಸಿದರೆ ಡೀಸೆಲ್ ವಾಸನೆ ಬಂದರೆ ಆಯಿಲ್ ತಕ್ಷಣ ಬದಲಾಯಿಸಿ. ವಾರಕ್ಕೊಮ್ಮೆ ನೈಸ್ ರಸ್ತೆಯಲ್ಲೋ ತುಮಕೂರು ರಸ್ತೆಯಲ್ಲೋ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸುವುದೇ ಅಗ್ಗದ ಮದ್ದು. ಆಯಿಲ್ ಕೈಪಿಡಿಯಲ್ಲಿ ಹೇಳಿದ ಗ್ರೇಡೇ ಆಗಬೇಕು. ಬೂದಿ ಹೆಚ್ಚು ಬಿಡುವ ಆಯಿಲ್ ಫಿಲ್ಟರನ್ನು ಕಾಯಂ ಆಗಿ ಕಟ್ಟಿಸುತ್ತೆ.

ಟ್ರೇಗೆ ಕಂಬಿ, ಹುಡ್ ಕಟ್ಟಿಸುವಾಗ ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ಕನೆಕ್ಷನ್ ತೆಗೆಸಿ, ಇಲ್ಲದಿದ್ದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಸುಡಬಹುದು. ಚಾಸಿಯ ಮೇಲಿನ, ಕೆಳಗಿನ ಅಂಚಿಗೆ ವೆಲ್ಡಿಂಗ್ ಹಾಕಿಸಲೇಬೇಡಿ. ತರಕಾರಿ, ಮೀನು ಸಾಗಿಸುವವರು ರಬ್ಬರ್ ಮ್ಯಾಟ್ ಎತ್ತಿ ಒಣಗಿಸಿ. ಟ್ರೇ ಕೊಳೆಯುವುದು ಅದರ ಅಡಿಯಿಂದಲೇ.

ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಅವಧಿ ಮುಗಿದರೆ ದಿನಕ್ಕೆ 50 ರೂ. ಹೆಚ್ಚುವರಿ. ಹಾಗಾಗಿ ಎಂಟನೇ ವರ್ಷ ತುಂಬುವ ಮೊದಲೇ ಮಾರುವುದು ಲಾಭ.

ಅದೇ ವಯಸ್ಸಿನ ಗಾಡಿ ಕೊಳ್ಳುವವರು ಎಂಜಿನ್ ಓಡುತ್ತಿರುವಾಗ ಆಯಿಲ್ ಕ್ಯಾಪ್ ಬಿಚ್ಚಿ ಬಾಯಿಯ ಮೇಲೆ ತಲೆಕೆಳಗಾಗಿ ಇಡಿ. ಸಣ್ಣಗೆ ಅದುರಿದರೆ ಸರಿ. ಕುಣಿದು ಬಿದ್ದುಹೋದರೆ, ಹೊಗೆ ಬುಸುಬುಸು ಬಂದರೆ ಪಿಸ್ಟನ್ ರಿಂಗ್ ಸವೆದಿವೆ. ಆಮೇಲೆ ಬಾಕಿ ಟ್ರಾಫಿಕ್ ದಂಡ, ತೆರಿಗೆ, ಫೈನಾನ್ಸ್ ಎನ್‌ಒಸಿ, ಆರ್‌ಸಿಯಿಂದ ಫೈನಾನ್ಸ್ ಹೆಸರು ತೆಗೆಸುವ ಫಾರ್ಮ್ 35 ನೋಡಿ. ಇವೆಲ್ಲ ಕೈಗೆ ಬರುವವರೆಗೆ ಅಡ್ವಾನ್ಸ್ ಬಿಟ್ಟು ಹೆಚ್ಚು ದುಡ್ಡು ಕೊಡಬೇಡಿ.