ಹಾಡಿಸಿ ಕಲಿಸುವ ಛಂದಸ್ಸಿನ ತರಗತಿ

ಹತ್ತನೆಯ ತರಗತಿಯ ಕನ್ನಡ ಪರೀಕ್ಷೆಯಲ್ಲಿ ಪದ್ಯದ ಸಾಲುಗಳನ್ನು ಕೊಟ್ಟು, ಪ್ರಸ್ತಾರ ಹಾಕಿ (ಅಕ್ಷರಗಳ ಮೇಲೆ ಗುರು ಲಘುಗಳನ್ನು ಗುರುತಿಸಿ), ಅವನ್ನು ಗುಂಪುಗಳಾಗಿ, ಅಂದರೆ ಗಣಗಳಾಗಿ ವಿಂಗಡಿಸಿ ಛಂದಸ್ಸನ್ನು ಹೆಸರಿಸಿರಿ ಎಂದು ಕೇಳುವುದು ವಾಡಿಕೆ. ಈ ಪ್ರಶ್ನೆಗೆ ಮಕ್ಕಳನ್ನು ಅಣಿಗೊಳಿಸುವ ಮನೆಪಾಠಗಳಲ್ಲಿ ಹೆಚ್ಚಿನವು ಪದ್ಯವನ್ನು ಒಮ್ಮೆಯೂ ಗಟ್ಟಿಯಾಗಿ ಓದಿಸದೆ ಗುರು ಲಘುಗಳ ಗುರುತು ಹಾಕಿಸುತ್ತವೆ. ಉಚ್ಚಾರಣೆಯ ಕಾಲದ ಅಳತೆ ಮಾತ್ರೆ; ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು. ಮೈಸೂರಿನಲ್ಲಿ ಕಾವ್ಯವನ್ನು ರಾಗವಾಗಿ ಹಾಡುವ ಗಮಕಿಯೊಬ್ಬರು ಪ್ರೌಢಶಾಲೆಯ ಮಕ್ಕಳಿಗಾಗಿ ವಾರಾಂತ್ಯದಲ್ಲಿ ನಡೆಸುವ, ಈ ವರ್ಷ ನನ್ನ ಮಗಳು ಹೋಗಿಬಂದ ತರಗತಿ ಹಾಗಿಲ್ಲ. ಅಲ್ಲಿ ಪದ್ಯವನ್ನು ಮೊದಲು ಹಾಡುತ್ತಾರೆ, ಮಕ್ಕಳು ಕೈತಟ್ಟಿ ಲಯ ಹಿಡಿದ ಮೇಲೆಯೇ ಪೆನ್ಸಿಲು ಕೈಗೆ ಬರುತ್ತದೆ.

ಇದರಿಂದ ಆಗುವ ಲಾಭ ದೊಡ್ಡದು. ಒತ್ತಕ್ಷರ ಬಂದಾಗ ಅದರ ಹಿಂದಿನ ಅಕ್ಷರ ಗುರುವಾಗುತ್ತದೆ ಎಂಬ ನಿಯಮವನ್ನು ಬಾಯಿಪಾಠ ಮಾಡಿದ ಮಕ್ಕಳು ಕೂಡ ಬರೆಯುವಾಗ ಒತ್ತಕ್ಷರದ ಮೇಲೆಯೇ ಗುರು ಹಾಕಿಬಿಡುತ್ತಾರೆ. ‘ಅಣ್ಣ’ ಎಂದು ನಿಧಾನವಾಗಿ ಉಚ್ಚರಿಸಿ, ಭಾರ ಬೀಳುವುದು ‘ಅ’ದ ಮೇಲೆ ಎಂದು ಕಿವಿಯಿಂದಲೇ ತಿಳಿದವರಿಗೆ ಆ ತಪ್ಪು ಆಗುವುದಿಲ್ಲ.

ಭಾಮಿನಿ ಷಟ್ಪದಿಗೆ ಕೊಟ್ಟಿರುವ ಸಮಯವಂತೂ ಸಾರ್ಥಕ. ಕುಮಾರವ್ಯಾಸನ ‘ವೇದ ಪುರುಷನ ಸುತನ ಸುತನ ಸ’ ಎಂಬ ಸಾಲನ್ನು ಹಾಡಿದರೆ 3, 4, 3, 4 ಎಂದು ಮಾತ್ರೆಗಳು ತಾವಾಗಿಯೇ ಬೇರ್ಪಡುತ್ತವೆ. ‘ಸಹೋದರ’ ಎಂಬ ಪದ ಸಾಲಿನ ಕೊನೆಯಲ್ಲಿ ಒಡೆದು ಮುಂದಿನ ಸಾಲಿಗೆ ಹರಿದದ್ದನ್ನೂ, ಆರು ಸಾಲುಗಳಲ್ಲಿಯೂ ಎರಡನೆಯ ಅಕ್ಷರವಾಗಿ ದಕಾರವೇ ಬಂದು ಆದಿಪ್ರಾಸವಾದದ್ದನ್ನೂ ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ಮೂರನೆಯ ಸಾಲಿನ ಕೊನೆಯ ‘ಭುಜಬಲದಿ’ಯಲ್ಲಿ ‘ದಿ’ ಹ್ರಸ್ವವಾಗಿದ್ದರೂ ಗುರುವೆಂದು ಎಣಿಸಿ 23 ಮಾತ್ರೆ ತುಂಬಿಸುವುದು ಏಕೆ ಎಂಬ ಪ್ರಶ್ನೆಗೆ, ಗಮಕಿಗಳು ಆ ಅಕ್ಷರವನ್ನು ಎಳೆದು ನಿಲ್ಲಿಸಿ ತೋರಿಸಿದ್ದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿಯದು. ಆ ಬಳಿಕ ವಾರ್ಧಕ ಷಟ್ಪದಿಯ ಐದೈದು ಮಾತ್ರೆಗಳ ನಡಿಗೆ ಬೇರೆಯೆಂಬುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಕಂದಪದ್ಯದ ವಿಷಯದಲ್ಲಿ ಮಾತ್ರ ಅವಸರ ಕಾಣುತ್ತದೆ. 12, 20, 12, 20 ಎಂದು ಒಟ್ಟು 64 ಮಾತ್ರೆಗಳನ್ನು ಲೆಕ್ಕ ಹಾಕಿಸಿ ಮುಗಿಸಿದರು. ಪ್ರತಿ ಅರ್ಧದಲ್ಲಿಯೂ ಬೆಸ ಸ್ಥಾನಗಳಲ್ಲಿ ಜಗಣ (ಲಘು, ಗುರು, ಲಘು) ಬರಬಾರದು, ಆರನೆಯ ಗಣ ಜಗಣವೋ ಸರ್ವಲಘುವೋ (ಎಲ್ಲವೂ ಲಘು) ಆಗಿರಬೇಕು ಎಂಬ ನಿಯಮವಿಲ್ಲದೆ ಕಂದದ ಬಿಗಿ ಅರ್ಥವಾಗದು. ಪಂಪ, ರನ್ನರ ಕಾವ್ಯಗಳಲ್ಲಿ ಹೆಜ್ಜೆ ಹೆಜ್ಜೆಗೂ ಸಿಗುವ ಈ ಛಂದಸ್ಸಿಗೆ ಇನ್ನೊಂದು ವಾರವನ್ನಾದರೂ ಮೀಸಲಿಡಬೇಕು. ಮೂರು ಬಗೆಯ ರಗಳೆಗಳು ಮತ್ತು ಅಕ್ಷರವೃತ್ತಗಳ ಪಾಠ ಸಮರ್ಪಕವಾಗಿದೆ.

ಅಲಂಕಾರಗಳ ಪಾಠ ಆ ಮಟ್ಟಕ್ಕೆ ಏರುವುದಿಲ್ಲ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂದು ನಾಲ್ಕು ಕಲಮುಗಳನ್ನು ಎಳೆದು, ಸೀತೆಯ ಮುಖ ಕಮಲದಂತೆ ಅರಳಿತೆಂಬ ಹಳೆಯ ವಾಕ್ಯವನ್ನೇ ತುಂಬಿಸುತ್ತಾರೆ. ಕೂಡಲಸಂಗಮದೇವರ ನಿಲವನ್ನು ಸಸಿಯೊಳಗಣ ರಸದ ರುಚಿಗೂ ನನೆಯೊಳಗಣ ಪರಿಮಳಕ್ಕೂ ಹೋಲಿಸುವ ಬಸವಣ್ಣನವರ ವಚನವನ್ನು ಮಕ್ಕಳ ಮುಂದಿಟ್ಟಿದ್ದರೆ, ಅಲ್ಲಿ ‘ಅಂತೆ’ ಇದ್ದೂ ಸಮಾನಧರ್ಮವನ್ನು ಬಾಯಿಬಿಟ್ಟು ಹೇಳದಿರುವುದನ್ನು ಕಂಡು, ಲುಪ್ತೋಪಮೆಯೆಂಬುದು ಕವಿ ಏನನ್ನೋ ಬಿಟ್ಟುಬಿಟ್ಟ ಕೊರತೆಯಲ್ಲ, ಓದುಗನಿಗೆ ಉಳಿಸಿಕೊಟ್ಟ ಜಾಗವೆಂದು ಅವರು ಅರಿಯುತ್ತಿದ್ದರು. ಶಾಲೆಯ ಪಠ್ಯದಾಚೆಯ ಕಾವ್ಯವನ್ನು ಇಷ್ಟು ಪ್ರೀತಿಯಿಂದ ಹಾಡಬಲ್ಲ ಗುರುಗಳು ಉದಾಹರಣೆಗಳಿಗೆ ಮಾತ್ರ ಮಾರ್ಗದರ್ಶಿ ಪುಸ್ತಕವನ್ನು ನೆಚ್ಚಿಕೊಂಡಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ತರಗತಿಗೆ ಮಕ್ಕಳನ್ನು ಎಂಟನೆಯ ಅಥವಾ ಒಂಬತ್ತನೆಯ ತರಗತಿಯಲ್ಲಿರುವಾಗಲೇ ಕಳುಹಿಸುವುದು ಒಳಿತು. ಹಾಡಿ ಲಯ ಹಿಡಿಯುವುದಕ್ಕೆ ಬಿಡುವು ಬೇಕು. ಪರೀಕ್ಷೆಗೆ ಒಂದೆರಡು ತಿಂಗಳಿರುವಾಗ ಸೇರಿದವರಿಗೆ ಅದು ದೊರೆಯುವುದಿಲ್ಲ. ಹಾಡಲು ಸಂಕೋಚಪಡುವ ಮಕ್ಕಳನ್ನು ಒತ್ತಾಯಿಸದೆ ಕೈತಾಳಕ್ಕೆ ಕೂರಿಸುತ್ತಾರಾದ್ದರಿಂದ ಕಂಠ ಚೆನ್ನಾಗಿಲ್ಲವೆಂದು ಹಿಂಜರಿಯಬೇಕಾಗಿಲ್ಲ. ಅಲಂಕಾರಗಳ ಭಾಗಕ್ಕೆ ಮಾತ್ರ ಮನೆಯಲ್ಲಿಯೂ ಒಂದಿಷ್ಟು ವಚನಗಳನ್ನು ಜೊತೆಗೆ ಕುಳಿತು ಓದಿಸಬೇಕಾಗುತ್ತದೆ.