ದಿನಾ ಬರುವ ಅಂಚೆಯೋ, ದಿನ ಬಿಟ್ಟು ದಿನವೋ?

ಬೀದಿಗೆ ಹತ್ತು ಕಾಗದ ಬಂದರೂ ಎರಡೇ ಬಂದರೂ ಅಂಚೆಯವರು ಅಷ್ಟೇ ದೂರ ನಡೆಯಬೇಕು. ಹಾಗಾಗಿ ಕಾಗದಗಳು ಕಡಿಮೆಯಾದಷ್ಟೂ ಒಂದೊಂದರ ಖರ್ಚು ಜಾಸ್ತಿಯಾಗುತ್ತದೆ.

ದಿನಾ ಬಟವಾಡೆ ಬೇಕೆಂದರೆ ದರ ಏರಿಸಬೇಕು, ಇಲ್ಲವೇ ಸರ್ಕಾರ ಹಣ ಕೊಡಬೇಕು. ಬೇಗ ತಲುಪುತ್ತದೆ, ನಿಜ. ಆದರೆ ದರ ಏರಿದರೆ ಕಳಿಸುವವರು ಇನ್ನೂ ಕಡಿಮೆಯಾಗುತ್ತಾರೆ, ಆಗ ಮತ್ತೆ ದರ ಏರಿಸಬೇಕಾಗುತ್ತದೆ, ಇದಕ್ಕೆ ಕೊನೆಯೇ ಇಲ್ಲ ಅಲ್ವಾ?

ದಿನ ಬಿಟ್ಟು ದಿನ ಹಂಚಿದರೆ ಓಡಾಟದ ಖರ್ಚು ಉಳಿಯುತ್ತದೆ. ಬ್ರಿಟನ್ 2025ರ ಜುಲೈನಲ್ಲಿ ಎರಡನೇ ದರ್ಜೆಯ ಕಾಗದಗಳಿಗೆ ಇದನ್ನೇ ಶುರು ಮಾಡಿತು, ಮೊದಲ ದರ್ಜೆಯದನ್ನು ವಾರಕ್ಕೆ ಆರು ದಿನವೇ ಉಳಿಸಿಕೊಂಡಿತು. ತುರ್ತು ಇದ್ದವರು ಜಾಸ್ತಿ ಕೊಡಲಿ, ಉಳಿದವರು ಒಂದು ದಿನ ಕಾಯಲಿ ಎಂಬ ಲೆಕ್ಕ.

ಡೆನ್ಮಾರ್ಕ್‌ನಲ್ಲಿ ಅಂಚೆ ಸಂಸ್ಥೆ ಪೋಸ್ಟ್‌ನಾರ್ಡ್ 2025ರ ಕೊನೆಗೆ ಕಾಗದ ಹಂಚುವುದನ್ನೇ ನಿಲ್ಲಿಸಿತು. ಅಲ್ಲಿ ಸರ್ಕಾರಿ ಪತ್ರಗಳೂ ಬಹುಪಾಲು ಆನ್‌ಲೈನ್. ಇಂಟರ್ನೆಟ್ ಬಾರದ ವಯಸ್ಸಾದವರು ಜಾಸ್ತಿ ಇರುವ ಕಡೆ ಇದನ್ನು ಸುಮ್ನೆ ನಕಲು ಮಾಡಬಾರದು.

ನನ್ನ ಆಯ್ಕೆ ದಿನ ಬಿಟ್ಟು ದಿನ. ಒಂದೇ ಷರತ್ತು: ಹೇಳಿದ ದಿನ ಬರಲೇಬೇಕು, ದೂರದ ಹಳ್ಳಿಗೂ ಅದೇ ದರ ಇರಬೇಕು.